ಕಾಫಿ ಕ್ಲಬ್ಬೂ ನಾಟಕಶಾಲೆಯೂ

ಬೆಂಗಳೂರಿನ ಚರಿತ್ರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೆಂಪೇಗೌಡನು ೧೫೩೭ರಲ್ಲಿ ಹಾಕಿದ ಮಣ್ಣಿನ ಕೋಟೆ, ಹೈದರನ ತೋಟ, ೧೭೯೧ರಲ್ಲಿ ಕಾರ್ನವಾಲಿಸನು ಹಾಕಿದ ಮುತ್ತಿಗೆ, ಆ ಬಳಿಕ ದಂಡು, ದಿವಾನರು, ಕಾರ್ಖಾನೆಗಳು. ಇವೆಲ್ಲ ಬೇಕಾದುವೇ, ಬೇಡವೆಂದವರಿಲ್ಲ. ಆದರೆ ಒಂದು ಊರಿನ ಜನ ಹಸಿವಾದಾಗ ಎಲ್ಲಿ ಕುಳಿತು ತಿಂದರು, ಬೇಸರವಾದಾಗ ಎಲ್ಲಿ ಕುಳಿತು ನಕ್ಕರು, ಅತ್ತರು, ಹಾಗೆ ಕುಳಿತಾಗ ಅವರ ಮಗ್ಗುಲಲ್ಲಿ ಕೂಡುವ ಅಧಿಕಾರ ಯಾರಿಗಿತ್ತು, ಯಾರಿಗಿರಲಿಲ್ಲ—ಈ ಪ್ರಶ್ನೆಗಳೂ ಚರಿತ್ರೆಗೆ ಸೇರಿದುವಲ್ಲವೆ? ಯುದ್ಧಗಳ ಕಥೆಯನ್ನು ಬರೆಯುವುದಕ್ಕೆ ಜನ ಬೇಕಾದಷ್ಟಿದ್ದಾರೆ. ನಾನು ಇಲ್ಲಿ ತಮ್ಮ ಮುಂದಿಡಬೇಕೆಂದಿರುವುದು ಎರಡು ಚಾವಡಿಗಳ ಕಥೆ. ಒಂದು ಕಾಫಿ ಕ್ಲಬ್ಬು, ಇನ್ನೊಂದು ನಾಟಕಶಾಲೆ. ಇವೆರಡಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಎರಡೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ, ಒಂದೇ ಬಗೆಯ ಜನರಿಂದ, ಒಂದೇ ಬಗೆಯ ಜನಕ್ಕಾಗಿ ಹುಟ್ಟಿದುವು ಎಂಬುದು ಮೊದಲನೆಯ ಸಂಬಂಧ. ಮಿಕ್ಕದ್ದು ಮುಂದೆ ಬರುವುದು.

ಅನ್ನವನ್ನು ಮಾರುವುದು ಪಾಪವೆಂದು ನಮ್ಮ ಹಿರಿಯರು ತಿಳಿದಿದ್ದರು. ‘ಅನ್ನವಿಕ್ರಯ’ ಎಂಬ ಮಾತೇ ಅವರ ಬಾಯಲ್ಲಿ ಒಂದು ಬೈಗುಳದಂತಿತ್ತು. ಹಾಗಾದರೆ ಊರು ಬಿಟ್ಟು ಬಂದವನು ಏನು ಮಾಡಬೇಕು? ನಂಟರಿದ್ದರೆ ನಂಟರ ಮನೆ. ಇಲ್ಲದಿದ್ದರೆ ಛತ್ರ, ದೇವಾಲಯ, ಮಠ. ಬುತ್ತಿಯ ಗಂಟನ್ನು ಕಟ್ಟಿಕೊಂಡು ಬಂದು, ಕೆರೆಯ ಏರಿಯ ಮೇಲೆ ಬಿಚ್ಚಿ ಉಂಡು ಹೋದವರೂ ಉಂಟು. ರೈಲುನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವು ೧೯೦೩ರಲ್ಲಿ ತೆರೆದದ್ದು ಈ ಹಳೆಯ ಧರ್ಮದ ಕೊನೆಯ ದೊಡ್ಡ ಕುರುಹುಗಳಲ್ಲಿ ಒಂದು. ಓದಲು ಬಂದ ಬಡ ಹುಡುಗರ ಪಾಡಂತೂ ಬೇರೆ. ಬ್ರಾಹ್ಮಣರ ಹುಡುಗನಾದರೆ ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಒಂದು ವಾರ ಸಿಕ್ಕದೆ ಹೋದರೆ ಆ ದಿನ ಉಪವಾಸ. ಆ ಅನ್ನದಲ್ಲಿ ಉಪಕಾರವಿತ್ತು, ಅದರ ಜೊತೆಗೆ ಮನೆಯೊಡತಿಯ ಮುಖದ ಕಡೆಗೆ ನೋಡಿ ಉಣ್ಣಬೇಕಾದ ಸಂಕಟವೂ ಇತ್ತು. ಆ ಉಪಕಾರವಾದರೂ ಎಲ್ಲರಿಗೂ ಇರಲಿಲ್ಲ. ಒಕ್ಕಲಿಗರ ಸಂಘ ೧೯೦೬ರಲ್ಲಿ ಹುಟ್ಟಿತು. ಅದೂ, ಆ ಕಾಲದ ಇತರ ಜನಾಂಗಗಳ ಸಂಘಗಳೂ, ವಿದ್ಯಾರ್ಥಿನಿಲಯಗಳ ಕಡೆಗೆ ಅಷ್ಟು ಆತುರದಿಂದ ಗಮನ ಕೊಟ್ಟುದಕ್ಕೆ ಕಾರಣವಿಲ್ಲದೆ ಇಲ್ಲ. ವಾರಾನ್ನದ ಪಟ್ಟಿಯಲ್ಲಿ ಆ ಹುಡುಗರ ಹೆಸರಿಗೆ ಎಡೆಯಿರಲಿಲ್ಲವಷ್ಟೆ.

ಈ ಹಳೆಯ ಏರ್ಪಾಡು ಊರು ಸಣ್ಣದಾಗಿದ್ದಷ್ಟು ಕಾಲ ನಡೆಯಿತು. ಬೆಂಗಳೂರು ಸಣ್ಣದಾಗಿ ಉಳಿಯಲಿಲ್ಲ. ಇಂಗ್ಲಿಷರ ದಂಡು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದದ್ದು ೧೮೦೯ರಲ್ಲಿ. ಜೋಲಾರಪೇಟೆಯ ಕಡೆಯಿಂದ ರೈಲು ಬಂದದ್ದು ೧೮೬೪ರಲ್ಲಿ. ೧೮೮೧ರಲ್ಲಿ ರಾಜ್ಯವು ಒಡೆಯರ ಕೈಗೆ ಹಿಂದಿರುಗಿದರೂ ಕಚೇರಿಗಳು ಬೆಂಗಳೂರಿನಲ್ಲಿಯೇ ನಿಂತುವು. ೧೮೯೮ರಲ್ಲಿ ಪ್ಲೇಗು ಬಂದು ಪೇಟೆಯ ಓಣಿಗಳನ್ನು ಬರಿದು ಮಾಡಿತು. ಗಾಳಿ ಬೆಳಕುಳ್ಳ ಬಡಾವಣೆಗಳು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳು ಎದ್ದುವು. ೧೯೦೫ರಲ್ಲಿ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಈ ಕೊನೆಯ ಸಂಗತಿಯನ್ನು ನಾವು ಸಾಮಾನ್ಯವಾಗಿ ಕೈಗಾರಿಕೆಯ ಲೆಕ್ಕದಲ್ಲಿ ಬರೆಯುತ್ತೇವೆ. ಸಂಜೆಯ ಲೆಕ್ಕದಲ್ಲಿ ಬರೆಯುವುದಿಲ್ಲ. ದೀಪ ಹೊತ್ತಿದ ಬೀದಿಯಲ್ಲಿ ರಾತ್ರಿ ಒಂಬತ್ತಕ್ಕೆ ನಾಟಕಕ್ಕೆ ಹೋಗುವುದೂ ಸಾಧ್ಯ, ಬರುವ ದಾರಿಯಲ್ಲಿ ಒಂದು ಲೋಟ ಕಾಫಿ ಕುಡಿಯುವುದೂ ಸಾಧ್ಯ. ಸಂಜೆ ಎಂಬ ಹೊಸದೊಂದು ಹೊತ್ತು ಬೆಂಗಳೂರಿನ ಗುಮಾಸ್ತನಿಗೆ, ವಿದ್ಯಾರ್ಥಿಗೆ, ಸಣ್ಣ ವ್ಯಾಪಾರಿಗೆ ದೊರೆತದ್ದು ಆಗಲೇ. ಅದನ್ನು ಎಲ್ಲಿ ಕಳೆಯಬೇಕೆಂಬುದೇ ಪ್ರಶ್ನೆಯಾಯಿತು.

ಉತ್ತರವನ್ನು ತಂದವರು ಘಟ್ಟದ ಕೆಳಗಿನವರು. ಉಡುಪಿಯ ಸುತ್ತಿನ, ಕೋಟ, ಸಾಲಿಗ್ರಾಮ, ಪಾರಂಪಳ್ಳಿಗಳ ಕಡೆಯ ಮನೆಗಳಲ್ಲಿ ಮಕ್ಕಳು ಹೆಚ್ಚು, ಗದ್ದೆ ಕಡಮೆ, ಮಳೆಗಾಲ ದೀರ್ಘ. ಆದರೆ ಅಡಿಗೆಯ ವಿದ್ಯೆ ಮಾತ್ರ ಆ ನಾಡಿನಲ್ಲಿ ಮನೆಯ ಸ್ವತ್ತು. ಕೃಷ್ಣಮಠದ ಸಮಾರಾಧನೆಗಳಲ್ಲಿ ನೂರಾರು ಎಲೆಗೆ ಒಂದೇ ರುಚಿಯಲ್ಲಿ ಬಡಿಸುವ ಅಭ್ಯಾಸ ತಲೆಮಾರುಗಳಿಂದ ಬಂದದ್ದು. ಹತ್ತು ಹನ್ನೆರಡು ವರ್ಷದ ಹುಡುಗ ಘಟ್ಟ ಹತ್ತಿ ಬಂದು ಯಾರದೋ ಅಡಿಗೆಮನೆಯಲ್ಲಿ ಲೋಟ ತೊಳೆದು, ಆಮೇಲೆ ಬಡಿಸಲು ನಿಂತು, ಆಮೇಲೆ ಒಲೆಯ ಮುಂದೆ ಕುಳಿತು, ಕೊನೆಗೆ ಗಲ್ಲದ ಮೇಲೆ ಕುಳಿತ ಕಥೆ ಬೆಂಗಳೂರಿನಲ್ಲಿಯೂ ಉಂಟು, ಮದರಾಸಿನಲ್ಲಿಯೂ ಉಂಟು, ಮುಂಬಯಿಯಲ್ಲಿಯೂ ಉಂಟು. ಆ ನಾಡಿನವರು ಹುಡುಗನನ್ನು ‘ಮಾಣಿ’ ಎಂದು ಕರೆಯುವುದು ಪ್ರೀತಿಯ ಮಾತು. ಬೆಂಗಳೂರಿನಲ್ಲಿ ಅದೇ ಮಾತು ತಿಂಡಿ ತಂದಿಡುವವನ ಹೆಸರಾಯಿತು. ಮೊದಲಿದ್ದ ಪ್ರೀತಿ ಅದರಲ್ಲಿ ಎಷ್ಟು ಉಳಿಯಿತೋ ಬಲ್ಲವರೇ ಹೇಳಬೇಕು. ಇನ್ನು ಉಡುಪಿ ಎಂಬುದು ಊರಿನ ಹೆಸರಾಗಿ ಉಳಿಯದೆ ಒಂದು ಬಗೆಯ ಅಡಿಗೆಯ ಹೆಸರಾಯಿತು. ಬೆಂಗಳೂರಿನ ಹೆಸರುವಾಸಿಯಾದ ಎರಡು ಉಪಾಹಾರ ಮಂದಿರಗಳನ್ನು ಕಟ್ಟಿದ ಮಯ್ಯರೂ ಉರಾಳರೂ ಕೋಟ ಸೀಮೆಯವರು. ಆದರೂ ಜನರ ಬಾಯಲ್ಲಿ ಅವೆಲ್ಲ ‘ಉಡುಪಿ ಹೋಟೆಲು’ಗಳೇ. ಯಕ್ಷಗಾನಕ್ಕೆ ಹೊಸ ಜೀವ ಕೊಟ್ಟ ಶಿವರಾಮ ಕಾರಂತರೂ ಅದೇ ಕೋಟದವರೆಂಬುದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸು ಬಾರದು. ಕುಣಿತಕ್ಕೂ ದೋಸೆಗೂ ಒಂದೇ ಮಣ್ಣು.

ಈ ಹೊಸ ಮಂದಿರಗಳಿಗೆ ಜನ ‘ಕಾಫಿ ಕ್ಲಬ್ಬು’ ಎಂದು ಹೆಸರಿಟ್ಟರು. ಈ ‘ಕ್ಲಬ್ಬು’ ಎಂಬ ಮಾತನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ದಂಡಿನಲ್ಲಿ ೧೮೬೮ರಿಂದ ಯುನೈಟೆಡ್ ಸರ್ವಿಸ್ ಕ್ಲಬ್ಬು ಎಂಬುದೊಂದಿತ್ತು. ಇಂದು ಅದನ್ನು ಬೆಂಗಳೂರು ಕ್ಲಬ್ಬು ಎನ್ನುತ್ತಾರೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್ಲನು ತರುಣ ಲೆಫ್ಟಿನೆಂಟಾಗಿ ಅಲ್ಲಿ ಉಳಿಸಿಹೋದ ಹದಿಮೂರು ರೂಪಾಯಿಯ ಬಾಕಿಯನ್ನು ೧೮೯೯ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಸಾಲವೆಂದು ಬರೆದಿದ್ದಾರೆ. ಅಂಥ ಸಾಲಗಾರನಿಗೂ ಅಲ್ಲಿ ಸ್ಥಳವಿತ್ತು. ಈ ದೇಶದವನಿಗೆ ಬಹುಕಾಲ ಇರಲಿಲ್ಲ. ಕ್ಲಬ್ಬೆಂದರೆ ಒಳಗೆ ಯಾರು ಬರಬಹುದೆಂಬುದನ್ನು ಬಾಗಿಲಲ್ಲೇ ತೀರ್ಮಾನ ಮಾಡುವ ಸ್ಥಳ. ಬಿಳಿಯರ ಆ ಮಾತನ್ನು ಎತ್ತಿಕೊಂಡು ನಮ್ಮವರು ತಮ್ಮ ಬಾಗಿಲ ಮೇಲೆ ತೂಗುಹಾಕಿದಾಗ, ಮಾತಿನೊಡನೆ ಅದರ ಅರ್ಥವೂ ಬಂದಿತು.

೧೯೨೪ರಲ್ಲಿ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ ಲಾಲ್‌ಬಾಗಿನ ಹತ್ತಿರ ತೆರೆದ ಮಂದಿರದ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಈ ಹೆಸರನ್ನು ನೋಡಿ ಈಗಿನವರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಆ ಕಾಲದಲ್ಲಿ ಅದೊಂದು ಜಾಹೀರಾತು. ಹೊರಗೆ ತಿನ್ನುವುದೇ ಅನಾಚಾರವೆಂದು ತಿಳಿದಿದ್ದ ಗಿರಾಕಿಗೆ, ‘ಒಲೆಯ ಮುಂದೆ ಇರುವವನು ಬ್ರಾಹ್ಮಣ, ಮಡಿ ಕೆಡುವುದಿಲ್ಲ, ಬಾ’ ಎಂದು ಹೇಳುವ ಧೈರ್ಯವಚನ ಅದು. ಅಂದರೆ ಆಚಾರವನ್ನು ಮುರಿಯುವವನಿಗೆ ಆಚಾರದ ಹೆಸರಿನಲ್ಲಿಯೇ ಬಾಗಿಲು ತೆರೆದರು. ಮನೆಯಲ್ಲಿ ಕಾಫಿಯನ್ನು ಬೈಯುತ್ತಿದ್ದ ಮುದುಕರು ಬೀದಿಯ ತಿರುವಿನಲ್ಲಿ ಅದನ್ನೇ ಕುಡಿದು ಬಾಯಿ ಒರೆಸಿಕೊಂಡು ಬರುವುದಕ್ಕೆ ಈ ಫಲಕ ಅನುಕೂಲ ಮಾಡಿಕೊಟ್ಟಿತು. ಆಚಾರವಂತರ ಸಂಕೋಚ ಹೀಗೆ ಕಳೆಯಿತೇನೋ ನಿಜ. ಕಳೆಯದೆ ಉಳಿದುದು ಇನ್ನೊಂದು. ಆ ಕಾಲದ ಇಂಥ ಎಷ್ಟೋ ಮಂದಿರಗಳಲ್ಲಿ ಬ್ರಾಹ್ಮಣರಿಗೆ ಒಳಕೋಣೆ, ಇತರರಿಗೆ ಹೊರಗಿನ ಹಜಾರ. ಅಸ್ಪೃಶ್ಯರೆನಿಸಿಕೊಂಡವರಿಗೆ ಹೊಸ್ತಿಲೂ ಇಲ್ಲ. ದೂರದಲ್ಲಿ ನಿಂತು ಬೇರೆ ಪಾತ್ರೆಯಲ್ಲಿ ಹೊಯ್ಸಿಕೊಂಡು ಹೋಗಬೇಕು. ಕೊಡುವ ಕಾಸು ಎಲ್ಲರದೂ ಒಂದೇ.

ಇದೇ ಊರಿನ ನಾಟಕಶಾಲೆಯ ಕಡೆಗೆ ಈಗ ತಿರುಗೋಣ.

ಕನ್ನಡದ ಹೊಸ ರಂಗಭೂಮಿ ಮೈಸೂರಿನ ಅರಮನೆಯಲ್ಲಿ ಬೆಳೆದದ್ದು. ೧೮೮೦ರ ದಶಕದ ಮೊದಲಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದುಕೊಟ್ಟರು. ಅರಮನೆಯ ಸಭೆಯಲ್ಲಿ ಯಾರು ಎಲ್ಲಿ ಕೂಡಬೇಕೆಂಬುದು ಪದವಿಯಿಂದ ನಿಶ್ಚಯವಾಗಿತ್ತು. ಆದರೆ ನಾಟಕವು ಅರಮನೆಯಿಂದ ಬೀದಿಗೆ ಬಂದು, ವರದಾಚಾರ್ಯರ ರತ್ನಾವಳಿ ಮಂಡಳಿ, ಗುಬ್ಬಿಯ ಕಂಪನಿ ಮೊದಲಾದುವು ತಗಡಿನ ಚಪ್ಪರ ಹಾಕಿ ಟಿಕೆಟು ಮಾರಲು ತೊಡಗಿದೊಡನೆ ಒಂದು ವಿಚಿತ್ರ ನಡೆಯಿತು. ಕುರ್ಚಿಗೆ ಒಂದು ದರ, ಬೆಂಚಿಗೆ ಒಂದು ದರ, ನೆಲಕ್ಕೆ ಒಂದು ದರ. ಮುಂದೆ ಈ ನೆಲಕ್ಕೆ ‘ಗಾಂಧಿ ಕ್ಲಾಸು’ ಎಂಬ ಹೆಸರು ಬಂದಿತು. ಇಟ್ಟವರು ಹಾಸ್ಯಕ್ಕೆ ಇಟ್ಟರೋ ಗೌರವಕ್ಕೆ ಇಟ್ಟರೋ, ಹೆಸರಂತೂ ನಿಂತಿತು. ದುಡ್ಡಿನ ಭೇದ ಏನೂ ಒಳ್ಳೆಯದಲ್ಲ. ಆದರೆ ದುಡ್ಡಿನ ಭೇದ ಹುಟ್ಟಿನ ಭೇದದಂತಲ್ಲ. ದಾಟಬೇಕೆಂದರೆ ನಾಲ್ಕಾಣೆ ಸಾಕು. ಬಾಗಿಲಲ್ಲಿ ನಿಂತವನು ಚೀಟಿಯ ಬಣ್ಣವನ್ನು ನೋಡುತ್ತಿದ್ದನೇ ಹೊರತು ಗೋತ್ರವನ್ನು ಕೇಳುತ್ತಿರಲಿಲ್ಲ.

ರಂಗದ ಮೇಲಂತೂ ಇನ್ನೂ ಮುಂದಕ್ಕೆ ಹೋಯಿತು. ಮಹಮ್ಮದ್ ಪೀರ್ ಎಂಬ ನಟರು ಆ ಕಾಲದ ಕನ್ನಡ ರಂಗಭೂಮಿಯ ಮೊದಲ ಸಾಲಿನವರು. ಒಂದು ಕಂಪನಿಯ ಯಜಮಾನರೂ ಆಗಿದ್ದರು. ಮುಸಲ್ಮಾನರಾಗಿ ಹುಟ್ಟಿ ಅಚ್ಚ ಕನ್ನಡದಲ್ಲಿ ಅವರು ಪಾತ್ರ ವಹಿಸಿದರೆ ಸಭೆಯಲ್ಲಿ ನಾಮ, ವಿಭೂತಿ, ಮುದ್ರೆಗಳ ಭೇದವಿಲ್ಲದೆ ಜನ ತಲೆದೂಗಿದರು. ಆಟ ಮುಗಿದ ಮೇಲೆ ಏನಾಗುತ್ತಿದ್ದಿರಬೇಕೆಂದು ಸ್ವಲ್ಪ ಯೋಚಿಸಬೇಕು. ಎರಡು ಗಂಟೆಯ ಕಾಲ ಅವರ ಮಾತಿಗೆ ಕಣ್ಣೀರಿಟ್ಟ ಪ್ರೇಕ್ಷಕನು ನೆಟ್ಟಗೆ ಕಾಫಿ ಕ್ಲಬ್ಬಿನ ಒಳಕೋಣೆಗೆ ಹೋಗಬಹುದು. ಆ ಕೋಣೆಯಲ್ಲಿ ಅವನ ಮಗ್ಗುಲಲ್ಲಿ ಕೂಡಲು ಪೀರರಂಥವರಿಗೆ ಎಡೆಯಿಲ್ಲ. ಒಂದೇ ಬೀದಿಯ ಎರಡು ಚಾವಡಿಗಳು. ಒಂದು ಮರೆತದ್ದನ್ನು ಇನ್ನೊಂದು ಜ್ಞಾಪಕದಲ್ಲಿ ಇಟ್ಟುಕೊಂಡಿತ್ತು.

ನಾಟಕಶಾಲೆಯನ್ನು ಹೊಗಳುವ ಭರದಲ್ಲಿ ಅದರ ಕೊರತೆಯನ್ನು ಮುಚ್ಚಬಾರದು. ಅಲ್ಲಿ ಸ್ತ್ರೀಪಾತ್ರವನ್ನು ಬಹುಕಾಲ ಗಂಡಸರೇ ವಹಿಸಿದರು. ಸಭೆಯಲ್ಲಿ ಹೆಂಗಸರಿಗೆ ಬೇರೆ ಸ್ಥಳ. ಕಂಪನಿಗೆ ಸೇರಿದ ಹೆಂಗಸೆಂದರೆ ಊರಿನ ಬಾಯಿಗೆ ಬಿದ್ದಂತೆಯೇ. ಗುಬ್ಬಿ ವೀರಣ್ಣನವರು ನಟಿಯರನ್ನು ರಂಗಕ್ಕೆ ತಂದು, ಬಿ. ಜಯಮ್ಮನವರಂಥವರ ಅಭಿನಯವನ್ನು ಜನ ಗೌರವದಿಂದ ನೋಡುವಂತೆ ಮಾಡಿದ್ದು ಸಾಮಾನ್ಯವಾದ ಕೆಲಸವಲ್ಲ. ಕಾಫಿ ಕ್ಲಬ್ಬಿನಲ್ಲಿಯೂ ಅಷ್ಟೆ. ಮನೆಯ ಹೆಂಗಸರು ಅಲ್ಲಿಗೆ ಹೋಗುವುದೆಂದರೆ ಮರ್ಯಾದೆಯ ಪ್ರಶ್ನೆ. ಬಹಳ ಕಾಲದ ಮೇಲೆ ಒಂದು ಮೂಲೆಗೆ ಹಲಗೆ ಅಡ್ಡ ಕಟ್ಟಿ ‘ಫ್ಯಾಮಿಲಿ ರೂಮು’ ಎಂದು ಬರೆದರು. ಹೆಂಗಸು ಕುಟುಂಬದೊಡನೆ ಬಂದರೆ ಮಾತ್ರ ಹಸಿವಾಗಬಹುದೆಂಬುದು ಆ ಫಲಕದ ಅರ್ಥವಾಗಿದ್ದಿರಬೇಕು.

ನಾಟಕದ ಕಂಪನಿಗೂ ಅಡಿಗೆಮನೆಗೂ ಇದ್ದ ನಂಟನ್ನು ನಮ್ಮ ರಂಗಭೂಮಿಯ ಚರಿತ್ರಕಾರರು ಹೇಳಬೇಕಾದಷ್ಟು ಹೇಳಿಲ್ಲವೆಂದು ನನ್ನ ಅಭಿಪ್ರಾಯ. ೧೮೮೪ರಲ್ಲಿ ಗುಬ್ಬಿಯ ಚಂದಣ್ಣನವರೇ ಮೊದಲಾದವರಿಂದ ಆರಂಭವಾದ ಆ ಕಂಪನಿಯು ವೀರಣ್ಣನವರ ಕೈಗೆ ಬಂದು ಬೆಳೆದ ಮೇಲೆ, ಅದು ಊರೂರು ತಿರುಗುವ ಒಂದು ದೊಡ್ಡ ಸಂಸಾರ. ನಟರು, ಹಾಡುವವರು, ಪರದೆ ಬರೆಯುವವರು, ಬಡಗಿಗಳು, ಮಕ್ಕಳು—ಎಲ್ಲರಿಗೂ ಕಂಪನಿಯದೇ ಒಲೆ. ಮನೆ ಬಿಟ್ಟು ಓಡಿಬಂದ ಹುಡುಗರಿಗೆ ಪಾತ್ರ ಸಿಕ್ಕುವುದು ನಾಳೆಯೋ ನಾಡಿದ್ದೋ, ಊಟವಂತೂ ಇಂದೇ ಸಿಕ್ಕುತ್ತಿತ್ತು. ಬಂಟ್ವಾಳದ ಕಡೆಯ ಬಿ. ವಿ. ಕಾರಂತರು ಹೀಗೆ ಮನೆ ಬಿಟ್ಟು ಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನು. ಮುಂದೆ ಅವರನ್ನು ಕಾಶಿಗೆ ಕಳುಹಿಸಿ ಓದಿಸಿದವರೂ ವೀರಣ್ಣನವರೇ. ಘಟ್ಟದ ಕೆಳಗಿನ ಹುಡುಗನಿಗೆ ಘಟ್ಟದ ಮೇಲೆ ಎರಡು ಬಾಗಿಲು ತೆರೆದಿದ್ದುವು. ಒಂದರಲ್ಲಿ ಹೊಕ್ಕವನು ಮಾಣಿಯಾದನು, ಇನ್ನೊಂದರಲ್ಲಿ ಹೊಕ್ಕವನು ನಟನಾದನು. ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರೂ ಅವರ ಮಗ ಮುತ್ತುರಾಜನೂ ಉಂಡದ್ದು ಗುಬ್ಬಿಯ ಕಂಪನಿಯ ಅನ್ನವನ್ನೇ. ಆ ಮಗನು ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರನೆಂದು ನಾಡಿಗೆಲ್ಲ ಪರಿಚಿತನಾದದ್ದನ್ನು ನಾನು ಹೇಳಬೇಕಾಗಿಲ್ಲ.

೧೯೩೪ನೆಯ ಇಸವಿಯನ್ನು ಬೆಂಗಳೂರಿನ ರಸಿಕರು ಮರೆಯಲಾಗದು. ಆ ವರ್ಷ ವೀರಣ್ಣನವರು ‘ಕುರುಕ್ಷೇತ್ರ’ವನ್ನು ಆಡಿಸಿ ನಿಜವಾದ ಆನೆಗಳನ್ನೇ ರಂಗಕ್ಕೆ ತಂದರು. ಅದೇ ವರ್ಷ ಮಾರ್ಚಿ ೩ರಂದು ಪೇಟೆಯ ಪ್ಯಾರಮೌಂಟ್ ಮಂದಿರದಲ್ಲಿ ಮೊದಲನೆಯ ಕನ್ನಡ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಕಂಡಿತು. ಆನೆಯನ್ನು ಸಾಕುವುದಕ್ಕಿಂತ ಸುರುಳಿಯನ್ನು ತಿರುಗಿಸುವುದು ಅಗ್ಗವೆಂಬುದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಅದರ ಮರುವರ್ಷ, ೧೯೩೫ರಲ್ಲಿ, ಪುಟ್ಟಣ್ಣಚೆಟ್ಟಿಯವರ ಹೆಸರಿನ ಪುರಭವನ ಬೆಂಗಳೂರಿನಲ್ಲಿ ತೆರೆಯಿತು. ಮೈಸೂರಿನ ಒಂಟಿಕೊಪ್ಪಲಿನ ಒಂದು ಮನೆಯಿಂದ ಗೋಪಾಲಸ್ವಾಮಿಯವರ ‘ಆಕಾಶವಾಣಿ’ ಮಾತನಾಡತೊಡಗಿತು. ರೇಡಿಯೋ ಎಂಬುದು ಮನೆಮನೆಗೂ ಬರುವ ಮೊದಲು ಹೋಟೆಲಿಗೆ ಬಂದಿತು. ಸಂಗೀತವನ್ನು ಕೇಳಬೇಕಾದವನು ಒಂದು ಕಾಫಿ ತರಿಸಿಕೊಂಡು ಅರ್ಧ ಗಂಟೆ ಕುಳಿತುಬಿಡುವನು. ಮಾಲೀಕನಿಗೆ ಇದರಿಂದ ಲಾಭವೋ ನಷ್ಟವೋ ಹೇಳುವುದು ಕಷ್ಟ.

ಕಂಪನಿ ನಾಟಕದ ಸಂಗತಿ ಹೀಗಾದರೆ, ಕೆಲಸ ಬಿಟ್ಟ ಮೇಲೆ ನಾಟಕವಾಡುವ ಹವ್ಯಾಸಿಗಳದು ಬೇರೆ ಮಾರ್ಗ. ೧೯೦೯ರಲ್ಲಿ ಅಮೆಚೂರ್ ಡ್ರಮೆಟಿಕ್ ಅಸೋಸಿಯೇಷನ್ ಸ್ಥಾಪಿತವಾಯಿತು. ಅನಂತರ ಕೈಲಾಸಂ ಬಂದರು. ಪುರಾಣದ ರಾಜರನ್ನು ಬಿಟ್ಟು ಬೆಂಗಳೂರಿನ ಮನೆಯ ಜಗಲಿಯನ್ನೇ ರಂಗಕ್ಕೆ ಎತ್ತಿ ತಂದದ್ದು ಅವರ ‘ಟೊಳ್ಳುಗಟ್ಟಿ’. ಅವರ ಪಾತ್ರಗಳು ಆಡುವ ಇಂಗ್ಲಿಷು ಬೆರೆತ ಕನ್ನಡ ಪಂಡಿತರಿಗೆ ಹಿಡಿಸಲಿಲ್ಲ. ಅದು ಕಾಫಿ ಕ್ಲಬ್ಬಿನ ಮೇಜಿನ ಸುತ್ತ ದಿನವೂ ಕೇಳಿಬರುತ್ತಿದ್ದ ಕನ್ನಡ ಎಂಬುದನ್ನು ಪಂಡಿತರು ಬಲ್ಲರು, ಒಪ್ಪಲಾರರು. ವಕೀಲ, ಗುಮಾಸ್ತ, ಸೋತ ಹುಡುಗ, ಗೆದ್ದ ಹುಡುಗ, ಪೋಲಿ, ಅಡಿಗೆಯವನು—ಈ ಜನವೇ ಬೆಂಗಳೂರು. ಕೈಲಾಸಂ ೧೯೪೫ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು, ಮರುವರ್ಷ ತೀರಿಕೊಂಡರು.

ಅಷ್ಟರಲ್ಲಿ ಯುದ್ಧ ಬಂದಿತ್ತು. ೧೯೪೨ರಲ್ಲಿ ಬರ್ಮಾ ಜಪಾನಿನ ಕೈಸೇರಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿಯಿಲ್ಲ, ಇಡ್ಲಿಯಿಲ್ಲದೆ ಬೆಂಗಳೂರಿನಲ್ಲಿ ಬೆಳಗಾಗುವುದು ಹೇಗೆ? ಮಾವಳ್ಳಿಯ ಮಯ್ಯರ ಅಡಿಗೆಮನೆಯಲ್ಲಿ ಗೋಧಿಯ ರವೆಯನ್ನು ತುಪ್ಪದಲ್ಲಿ ಹುರಿದು, ಸಾಸಿವೆ ಕರಿಬೇವುಗಳ ಒಗ್ಗರಣೆ ಕೊಟ್ಟು, ಗೋಡಂಬಿ ಹಾಕಿ, ಹುಳಿಮೊಸರಿನಲ್ಲಿ ಕಲಸಿ ಹಬೆಯಲ್ಲಿ ಬೇಯಿಸಿದರು. ರುಬ್ಬುವ ಕಲ್ಲಿನ ಕೆಲಸವಿಲ್ಲ, ರಾತ್ರಿಯೆಲ್ಲ ಹುದುಗು ಬರಿಸುವ ಕೆಲಸವಿಲ್ಲ. ರವೆ ಇಡ್ಲಿಯ ಹುಟ್ಟು ಇದೇ ಎಂದು ಆ ಮಂದಿರದವರು ಹೇಳುತ್ತ ಬಂದಿದ್ದಾರೆ. ಅದನ್ನು ಅಲ್ಲಗಳೆಯಲು ನನಗೆ ಯಾವ ಕಾರಣವೂ ಕಾಣದು. ಕಷ್ಟಕಾಲಕ್ಕೆ ಮಾಡಿಕೊಂಡ ಬದಲಿ ತಿಂಡಿ, ಅಕ್ಕಿ ಮತ್ತೆ ಬಂದ ಮೇಲೂ ಎಲೆಯ ಮೇಲಿನಿಂದ ಏಳಲಿಲ್ಲ.

ಅದೇ ಯುದ್ಧದ ನಡುವೆ, ೧೯೪೩ರಲ್ಲಿ, ಸಾಲಿಗ್ರಾಮದ ಉರಾಳ ಸೋದರರು ಬಸವನಗುಡಿಯ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನವನ್ನು ತೆರೆದರು. ಸುತ್ತಲಿನ ಶಾಲೆಗಳ ಹುಡುಗರಿಗಾಗಿ ಇಟ್ಟ ಹೆಸರು. ಒಂದು ತಲೆಮಾರಿನ ಹಿಂದೆ ವಾರಾನ್ನಕ್ಕೆ ಮನೆಮನೆ ಅಲೆಯುತ್ತಿದ್ದ ಹುಡುಗನ ಹೆಸರನ್ನು ಈಗ ಒಂದು ಹೋಟೆಲು ಫಲಕದ ಮೇಲೆ ಬರೆಸಿಕೊಂಡಿತು! ಅಲ್ಲಿಯ ಮಸಾಲೆದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ನೀರಾದ ಚಟ್ನಿ. ಸಾಂಬಾರನ್ನು ಅಲ್ಲಿ ಯಾರೂ ನಿರೀಕ್ಷಿಸಲಿಲ್ಲ. ಒಂದು ತೋಳಿನ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿಕೊಂಡು ಇಕ್ಕಟ್ಟಿನಲ್ಲಿ ಬರುವ ಮಾಣಿಯ ಕೌಶಲವನ್ನು ಕಂಡವರು ಅದನ್ನೂ ಒಂದು ಕಲೆಯೆಂದೇ ಎಣಿಸುವರು. ಆ ಬಡಾವಣೆಯಲ್ಲಿ ಬರೆಹಗಾರರು ಬಹುಮಂದಿ. ಮಾಸ್ತಿಯವರು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಬೀದಿ ಅದು, ೧೯೪೫ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಂಸ್ಥೆಯನ್ನು ಸ್ಥಾಪಿಸಿದ್ದೂ ಅಲ್ಲಿಗೆ ಬಹು ದೂರದಲ್ಲಲ್ಲ. ೧೯೭೦ರಲ್ಲಿ ಆ ಮಂದಿರ ರಾಮಕೃಷ್ಣ ಅಡಿಗರ ಕೈಗೆ ಬಂದಿತು. ಅದರ ಗೋಡೆಗಳ ಮೇಲೆ ಕನ್ನಡದ ಸಾಹಿತಿಗಳ ಚಿತ್ರಗಳು ಬಂದುದು ಔಚಿತ್ಯವರಿತ ಕೆಲಸ.

ಸಂಗೀತಕ್ಕೂ ಇದೇ ಸುತ್ತಿನಲ್ಲಿ ನೆಲೆ ದೊರೆಯಿತು. ಬೆಂಗಳೂರು ಗಾಯನ ಸಮಾಜ ೧೯೦೫ರದು. ಚಾಮರಾಜಪೇಟೆಯ ರಾಮಸೇವಾ ಮಂಡಳಿ ೧೯೩೯ರಲ್ಲಿ ಆರಂಭವಾಯಿತು. ರಾಮನವಮಿಯೆಂದರೆ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬಿಸಿಲಿನಲ್ಲಿ ದಾರಿಹೋಕನನ್ನು ಕರೆದು ಕೊಡುವುದು ಆ ಹಬ್ಬದ ಧರ್ಮ. ಅದರ ಮಗ್ಗುಲಲ್ಲೇ ಕಚೇರಿ ನಡೆದಾಗ, ಚಪ್ಪರದ ಒಳಗೆ ಟಿಕೆಟು ಪಡೆದವರು, ಹೊರಗೆ ಬೀದಿಯಲ್ಲಿ ಪಡೆಯದವರು; ಸ್ವರ ಇಬ್ಬರಿಗೂ ಕೇಳುವುದು.

ಇಲ್ಲಿಯವರೆಗೆ ನಾನು ಹೇಳಿದುದೆಲ್ಲ ಕಾಫಿ, ಇಡ್ಲಿ, ದೋಸೆಗಳ ಬೆಂಗಳೂರು. ಇದೊಂದೇ ಬೆಂಗಳೂರೆಂದು ಯಾರೂ ತಿಳಿಯಬಾರದು. ಪೇಟೆಯ ಓಣಿಗಳಲ್ಲಿ ‘ಮಿಲಿಟರಿ ಹೋಟೆಲು’ಗಳಿದ್ದುವು, ಇವೆ. ರಾಗಿಮುದ್ದೆ, ಮಾಂಸದ ಸಾರು, ಕೈಮ, ದೊನ್ನೆಯಲ್ಲಿ ಹಾಕಿಕೊಡುವ ಬಿರಿಯಾನಿ. ಹೆಸರು ಹೇಗೆ ಬಂತೆಂಬುದಕ್ಕೆ ಮರಾಠರ ದಂಡನ್ನು ಹೇಳುವವರುಂಟು, ಇಂಗ್ಲಿಷರ ದಂಡನ್ನು ಹೇಳುವವರುಂಟು. ಅರಳೆಪೇಟೆ, ಅಕ್ಕಿಪೇಟೆಗಳ ಕೂಲಿಯವನು, ಗಾಡಿಯವನು, ಮಗ್ಗದವನು ಹೊಟ್ಟೆ ತುಂಬ ಉಂಡದ್ದು ಇಲ್ಲಿ. ದಂಡಿನ ಕಡೆ ಮುಸಲ್ಮಾನರ ಚಹದ ಅಂಗಡಿಗಳಿದ್ದುವು. ಆದರೆ ಬೆಂಗಳೂರಿನ ನೆನಪುಗಳನ್ನು ಬರೆದ ನಮ್ಮ ಹಿರಿಯ ಲೇಖಕರ ಪುಟಗಳನ್ನು ತಿರುವಿದರೆ ಫಿಲ್ಟರು ಕಾಫಿಯ ಪರಿಮಳ ತುಂಬಿ ಬರುವುದು, ಮುದ್ದೆಯ ಹೊಗೆ ಕಾಣುವುದೇ ಅಪರೂಪ. ಉಂಡವರು ಬರೆಯಲಿಲ್ಲ, ಬರೆದವರು ಅಲ್ಲಿ ಉಣ್ಣಲಿಲ್ಲ, ಅಥವಾ ಉಂಡದ್ದನ್ನು ಹೇಳಲಿಲ್ಲ. ಊರಿನ ರುಚಿಯ ಚರಿತ್ರೆ ಹೀಗ ಅರ್ಧವಾಗಿ ನಮ್ಮ ಕೈಗೆ ಬಂದಿದೆ. ದಾಸೋಹದ, ಕರಗದ, ಕಡಲೆಕಾಯಿ ಪರಿಷೆಯ ನಾಡಿನಲ್ಲಿ ಇದು ನಮಗೆ ಭೂಷಣವಲ್ಲ.

ಇನ್ನು ನಾನು ಮೊದಲು ಬಿಟ್ಟ ಸಂಬಂಧದ ಮಾತಿಗೆ ಬರುತ್ತೇನೆ. ವಿದ್ಯಾರ್ಥಿ ಭವನ ತೆರೆದ ೧೯೪೩ರಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಅಸ್ಪೃಶ್ಯರೆನಿಸಿದವರ ನಾಗರಿಕ ಅನರ್ಹತೆಗಳನ್ನು ತೊಡೆಯುವ ಶಾಸನವಾಯಿತು. ೧೯೫೦ರ ಜನವರಿ ೨೬ರಂದು ಭಾರತದ ಸಂವಿಧಾನ ಜಾರಿಗೆ ಬಂದಿತು. ಅದರ ಹದಿನೈದನೆಯ ವಿಧಿಯ ಎರಡನೆಯ ಖಂಡವನ್ನು ನೋಡಿರಿ. ಮತ, ಕುಲ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾರನ್ನೂ ತಡೆಯಬಾರದ ಸ್ಥಳಗಳನ್ನು ಅದು ಹೆಸರಿಸುವಾಗ ಅಂಗಡಿ, ಸಾರ್ವಜನಿಕ ಉಪಾಹಾರ ಮಂದಿರ, ಹೋಟೆಲು, ಮತ್ತು ಸಾರ್ವಜನಿಕ ಮನರಂಜನೆಯ ಸ್ಥಳ—ಇವನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ನಮ್ಮ ಎರಡು ಚಾವಡಿಗಳೂ ಅಲ್ಲಿ ಒಂದರ ಪಕ್ಕದಲ್ಲೊಂದು ಇವೆ. ಮಹಾಜನರು ದೇಶದ ಮೂಲಶಾಸನವನ್ನು ಬರೆಯಲು ಕುಳಿತಾಗ ಇಡ್ಲಿಯ ತಟ್ಟೆಯನ್ನೂ ನಾಟಕದ ಬೆಂಚನ್ನೂ ಮರೆಯಲಿಲ್ಲ; ಮನುಷ್ಯನಿಗೆ ಅವಮಾನವಾಗುತ್ತಿದ್ದುದು ನಿತ್ಯವೂ ಅಂಥ ಕಡೆಗಳಲ್ಲಿಯೇ ಎಂಬುದನ್ನು ಅವರು ಅನುಭವದಿಂದ ಬಲ್ಲರು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಶಾಸನ ಇದಕ್ಕೆ ಶಿಕ್ಷೆಯ ಬಲವನ್ನು ಕೊಟ್ಟಿತು.

ಕಾನೂನು ಬಂದ ಮರುದಿನವೇ ಒಳಕೋಣೆಯ ಗೋಡೆ ಬೀಳಲಿಲ್ಲ. ಆದರೆ ಬ್ರಾಹ್ಮಣರ ಕಾಫಿ ಕ್ಲಬ್ಬು ೧೯೬೦ರಲ್ಲಿ ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡಕ್ಕೆ ಹೋದಾಗ ಹಳೆಯ ಹೆಸರು ಜೊತೆಗೆ ಹೋಗಲಿಲ್ಲ. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಬಂದಿತು. ಜಾತಿಯ ಸ್ಥಳದಲ್ಲಿ ಮೊಹಲ್ಲದ ಹೆಸರು. ೧೯೫೧ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿಯ ಉಪಾಹಾರ ಮಂದಿರಗಳನ್ನು ನೋಡಿ ಬಂದು, ಲೋಟ ತಟ್ಟೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಕ್ರಮವನ್ನು ತಂದಿದ್ದರು. ಶುದ್ಧಿಯೆಂಬ ಮಾತಿನ ಅರ್ಥವೇ ಹೀಗೆ ಬದಲಾಯಿತೆನ್ನಬೇಕು. ಮೊದಲು ಬಡಿಸುವವನ ಕುಲ, ಈಗ ತೊಳೆಯುವ ನೀರಿನ ಬಿಸಿ. ಇದು ಸಣ್ಣ ಬದಲಾವಣೆಯಲ್ಲ. ವಿನೋದವೇನೆಂದರೆ, ೧೯೬೫ರಲ್ಲಿ ಶಂಕರಪುರದಲ್ಲಿ ಹೊಸದಾಗಿ ಒಂದು ‘ಬ್ರಾಹ್ಮಣರ ಕಾಫಿ ಬಾರು’ ಹುಟ್ಟಿತು. ಅಲ್ಲಿ ಇಡ್ಲಿ ವಡೆಗೆ ಚಟ್ನಿ ಮಾತ್ರ. ತಿನ್ನುವವರು ಬೀದಿಯ ಅಂಚಿನಲ್ಲಿ ನಿಂತು ತಿನ್ನುವರು, ಯಾರ ಕುಲವನ್ನು ಯಾರೂ ಕೇಳರು. ಹೆಸರು ಹಳೆಯದು, ಸಾಲು ಹೊಸದು.

೧೯೭೫ರಲ್ಲಿ ತುರ್ತುಪರಿಸ್ಥಿತಿ ಬಂದಿತು. ತಿಂಡಿಗಳ ಬೆಲೆಯನ್ನು ಸರ್ಕಾರವೇ ಇಳಿಸಿ ಗೊತ್ತುಮಾಡಿದಾಗ ಮಾವಳ್ಳಿಯವರು ತುಪ್ಪವನ್ನು ಕಡಮೆ ಮಾಡುವ ಬದಲು ನಷ್ಟವನ್ನು ಸಹಿಸಿದರು. ಆ ದಿನದ ನಷ್ಟವೆಷ್ಟೆಂದು ಫಲಕದ ಮೇಲೆ ಬರೆದು ಹೊರಗಿಟ್ಟರು. ಕೊನೆಗೆ ಬಾಗಿಲು ಹಾಕಬೇಕಾಯಿತು. ಒಲೆ ಆರಿದ ಆ ಕಾಲದಲ್ಲಿ ಕೆಲಸದವರನ್ನು ಉಳಿಸಿಕೊಳ್ಳುವುದಕ್ಕಾಗಿ ಹಿಟ್ಟು ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಮುಂದೆ ಅದೇ ಬೇರೆಯೊಂದು ದೊಡ್ಡ ಉದ್ಯಮವಾಯಿತು. ಅದೇ ಕಾಲದಲ್ಲಿ ಇದೇ ಊರಿನ ರಂಗಭೂಮಿ ತೆತ್ತ ಬೆಲೆಯನ್ನು ಯಾವ ಫಲಕದ ಮೇಲೂ ಬರೆಯಲಾಗದು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ೧೯೭೬ರಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಉಬ್ಬಸದ ರೋಗಿಯಾದ ಅವರು ಬಿಡುಗಡೆಯಾಗಿ ಹೊರಕ್ಕೆ ಬಂದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ, ತೀರಿಕೊಂಡರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ನನ್ನ ಉದ್ದೇಶವಲ್ಲ. ಊರಿನ ನಿತ್ಯದ ತಿಂಡಿಗೂ ಊರಿನ ಕಲಾವಿದೆಗೂ ಒಂದೇ ಕೈ ತಗುಲಿತು ಎಂಬುದನ್ನು ಮಾತ್ರ ದಾಖಲೆಗಾಗಿ ಹೇಳಿದೆ.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. ರವೀಂದ್ರ ಕಲಾಕ್ಷೇತ್ರವು ೧೯೬೩ರಿಂದಲೇ ಇದ್ದಿತು. ೧೯೭೨ರಲ್ಲಿ ಬಿ. ವಿ. ಕಾರಂತರು ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಆಡಿಸಿದಾಗ ಕಂಪನಿಯ ಹಾಡು, ಹಳ್ಳಿಯ ಕುಣಿತ, ಹವ್ಯಾಸಿಗಳ ಬುದ್ಧಿ ಮೂರೂ ಬೆರೆತುವು. ಹೋಟೆಲಿನ ಕಡೆ, ೧೯೮೩ರಲ್ಲಿ ಜಯನಗರದಲ್ಲಿ ‘ದರ್ಶಿನಿ’ ಎಂಬ ಹೊಸ ಮಾದರಿ ಹುಟ್ಟಿ ಊರೆಲ್ಲ ಹಬ್ಬಿತು. ದುಡ್ಡು ಕೊಟ್ಟು ಚೀಟಿ ಪಡೆದು, ಚೀಟಿ ಕೊಟ್ಟು ತಟ್ಟೆ ಪಡೆದು, ಎದೆಯೆತ್ತರದ ಕಲ್ಲುಹಲಗೆಯ ಮುಂದೆ ನಿಂತು ತಿನ್ನುವುದು. ಕೂಡುವ ಸ್ಥಳವೇ ಇಲ್ಲದ ಮೇಲೆ ಯಾರು ಎಲ್ಲಿ ಕೂಡಬೇಕೆಂಬ ಜಗಳವೆಲ್ಲಿಯದು? ಪಂಕ್ತಿಭೇದವನ್ನು ಸಾಧುಸಂತರು ಶತಮಾನಗಳ ಕಾಲ ಖಂಡಿಸಿದರು. ಬೆಂಗಳೂರು ಪಂಕ್ತಿಯನ್ನೇ ತೆಗೆದುಹಾಕಿತು. ಹೀಗೆ ಮಾಡಿದ್ದು ತತ್ತ್ವಕ್ಕಾಗಿ ಅಲ್ಲ, ಬಾಡಿಗೆ ಹೆಚ್ಚಾದುದಕ್ಕಾಗಿ. ಇದರಿಂದ ಒಂದು ನಷ್ಟವೂ ಆಯಿತು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಒಂದು ಗಂಟೆ ನಾಟಕದ ಮಾತನಾಡುವುದು ನಿಂತುಕೊಂಡು ಆಗುವ ಕೆಲಸವಲ್ಲ.

ಆ ಮಾತುಕತೆ ಹೋಟೆಲನ್ನು ಬಿಟ್ಟು ನಾಟಕಶಾಲೆಯ ಅಂಗಳಕ್ಕೆ ಬಂದಿತು. ೨೦೦೪ರಲ್ಲಿ ನಟ ಶಂಕರನಾಗರ ನೆನಪಿಗಾಗಿ ಜಯಪ್ರಕಾಶನಗರದಲ್ಲಿ ರಂಗಶಂಕರ ತೆರೆದಾಗ ಅದರ ಜೊತೆಯಲ್ಲಿ ಒಂದು ಸಣ್ಣ ಉಪಾಹಾರ ಮಂದಿರವೂ ತೆರೆಯಿತು. ಅಲ್ಲಿಯ ಅಕ್ಕಿರೊಟ್ಟಿ ನಾಟಕಗಳಷ್ಟೇ ಹೆಸರುವಾಸಿಯಾಯಿತು. ನಟರು, ವಿದ್ಯಾರ್ಥಿಗಳು, ಮುದುಕರು, ಒಬ್ಬೊಬ್ಬರೇ ಬಂದ ಹೆಂಗಸರು ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕುಳಿತರು. ಆ ನಾಟಕಶಾಲೆಯವರದು ಒಂದು ಕಟ್ಟುನಿಟ್ಟು ಉಂಟು: ಗೊತ್ತಾದ ವೇಳೆಗೆ ಆಟ ಆರಂಭವಾಗಲೇಬೇಕು, ತಡವಾಗಿ ಬಂದವನು ಯಾರೇ ಆಗಲಿ ಒಳಗೆ ಬಿಡುವುದಿಲ್ಲ. ಆದಕಾರಣ ಗಂಟೆ ಬಾರಿಸಿದೊಡನೆ ರೊಟ್ಟಿಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು ಎಲ್ಲರೂ ಒಟ್ಟಿಗೆ ಬಾಗಿಲ ಕಡೆಗೆ ಓಡುವರು.